ಜೈಲಿನೊಳಗೆ ನಾಯಿ ತರಬೇತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕೈದಿಗಳ ಕೈಗೆ ನಾಯಿಮರಿ ಕೊಟ್ಟು, ಅದನ್ನು ಪಳಗಿಸಿ ಹೊರಗಿನವರಿಗೆ ಒಪ್ಪಿಸುವ ಕಾರ್ಯಕ್ರಮಗಳು ಅಮೆರಿಕದಲ್ಲಿ ಶುರುವಾಗಿ ನಲವತ್ತು ವರ್ಷ ದಾಟಿತು. ಈಗ ಜಪಾನ್, ಆಸ್ಟ್ರೇಲಿಯಾ, ನೆದರ್‌ಲ್ಯಾಂಡ್ಸ್‌ನಲ್ಲೂ ನಡೆಯುತ್ತಿವೆ. ಈ ಮಾತು ತೆಗೆದರೆ ಸಾಕು, ಕೆಲವರಿಗೆ ಖುಷಿ, ಕೆಲವರಿಗೆ ಸಿಟ್ಟು, ಉಳಿದವರಿಗೆ ಅನುಮಾನ. ಮೂರೂ ಬಗೆಯವರು ಕೇಳುವ ಪ್ರಶ್ನೆಗಳು ಇಲ್ಲಿವೆ.

ಏನಿದು? ಕೈದಿಗಳಿಗೆ ಸಾಕಲು ನಾಯಿ ಕೊಡ್ತಾರಾ?

ಸಾಕಲು ಕೊಡುವುದಿಲ್ಲ. ನಾಯಿ ಕೈದಿಯದ್ದಾಗುವುದೇ ಇಲ್ಲ. ಅವನು ಅಥವಾ ಅವಳು ಅದನ್ನು ಕೆಲವು ವಾರ, ಕೆಲವು ಕಡೆ ಒಂದೂವರೆ ವರ್ಷದವರೆಗೆ ನೋಡಿಕೊಂಡು, ಕಲಿಸಿ, ಕಳಿಸಿಕೊಡಬೇಕು.

ಮುಖ್ಯವಾಗಿ ಎರಡು ಬಗೆ ಇವೆ. ಒಂದರಲ್ಲಿ ನಾಯಿ ಆಶ್ರಯ ಕೇಂದ್ರಗಳಲ್ಲಿ ಯಾರೂ ಒಯ್ಯದೆ ಉಳಿದ ನಾಯಿಗಳು ಬರುತ್ತವೆ. ಹೆದರಿದವು, ಕಚ್ಚಲು ಬರುವವು, ಮನೆಯೊಳಗೆ ಗಲೀಜು ಮಾಡುವವು. ಅವಕ್ಕೆ ಮನೆಯಲ್ಲಿ ಬಾಳುವಷ್ಟು ನಡತೆ ಕಲಿಸಿ ದತ್ತು ಕೊಡುತ್ತಾರೆ. ಇನ್ನೊಂದರಲ್ಲಿ ಎಂಟು ವಾರದ ಲ್ಯಾಬ್ರಡಾರ್ ಮರಿಗಳು ಬರುತ್ತವೆ. ಅವು ಮುಂದೆ ಕಣ್ಣು ಕಾಣದವರಿಗೆ, ಗಾಲಿಕುರ್ಚಿಯಲ್ಲಿ ಇರುವವರಿಗೆ, ಯುದ್ಧದಿಂದ ಗಾಯಗೊಂಡು ಬಂದ ಸೈನಿಕರಿಗೆ ನೆರವಾಗುವ ನಾಯಿಗಳಾಗಬೇಕು. ಎರಡನೆಯದು ಹೆಚ್ಚು ಕಷ್ಟದ ಕೆಲಸ.

ಇದನ್ನು ಶುರು ಮಾಡಿದ್ದು ಯಾರು?

ಪಾಲೀನ್ ಕ್ವಿನ್ ಎಂಬ ಕ್ರೈಸ್ತ ಸನ್ಯಾಸಿನಿ. 1981ರಲ್ಲಿ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಗಿಗ್ ಹಾರ್ಬರ್ ಬಳಿ ಇರುವ ಮಹಿಳಾ ಜೈಲಿನಲ್ಲಿ. ಆಕೆಯ ಬಾಲ್ಯ ಚೆನ್ನಾಗಿರಲಿಲ್ಲ. ಮನೆ ಬಿಟ್ಟು ಓಡಿದ್ದು, ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಸಾಗಿದ್ದು, ಬೀದಿಯಲ್ಲಿ ಕಳೆದದ್ದು ಎಲ್ಲ ಇತ್ತು. ಜೋನಿ ಎಂಬ ಜರ್ಮನ್ ಶೆಪರ್ಡ್ ನಾಯಿ ಸಿಕ್ಕ ಮೇಲೆ ತನಗೆ ಧೈರ್ಯ ಬಂತು ಎಂದು ಆಕೆ ಹೇಳುತ್ತಿದ್ದರು. ಮುಚ್ಚಿದ ಬಾಗಿಲ ಹಿಂದೆ ಇರುವ ಹೆಂಗಸರಿಗೂ ಅದೇ ಧೈರ್ಯ ಸಿಗಬಹುದು ಅನ್ನುವುದು ಆಕೆಯ ಯೋಚನೆ.

ಆಕೆಗೆ ಜೊತೆಯಾದವರು ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಪಶುವೈದ್ಯ ಕಾಲೇಜಿನ ಡೀನ್ ಲಿಯೋ ಬಸ್ಟಾಡ್. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಕೈಗೆ ಸಿಕ್ಕು ಯುದ್ಧಕೈದಿಯಾಗಿದ್ದವರು ಇವರು. ಈ ಕೆಲಸಕ್ಕೆ ಕೈ ಹಾಕಿದ ಇಬ್ಬರಿಗೂ ಬೀಗದ ಒಳಗಿನ ಬದುಕು ಗೊತ್ತಿತ್ತು. ನನಗೆ ಇದು ಸಣ್ಣ ಸಂಗತಿ ಅನಿಸುವುದಿಲ್ಲ. ಪಾಲೀನ್ 2020ರಲ್ಲಿ ತೀರಿಕೊಂಡರು.

ಇದಕ್ಕೂ ಮುಂಚೆ ಒಂದು ಘಟನೆ ಇದೆ. 1975ರಲ್ಲಿ ಒಹಾಯೋ ರಾಜ್ಯದ ಲೈಮಾದಲ್ಲಿ, ಅಪರಾಧ ಮಾಡಿದ ಮಾನಸಿಕ ರೋಗಿಗಳನ್ನು ಇಡುವ ಆಸ್ಪತ್ರೆಯಲ್ಲಿ ಕೆಲವರಿಗೆ ಗಾಯಗೊಂಡ ಗುಬ್ಬಚ್ಚಿಯೊಂದು ಸಿಕ್ಕಿತು. ಯಾರೊಂದಿಗೂ ಮಾತಾಡದ ಜನ ಅದನ್ನು ಬದುಕಿಸಲು ಒಟ್ಟಾದರು. ಅಲ್ಲಿನ ಸಮಾಜ ಕಾರ್ಯಕರ್ತ ಡೇವಿಡ್ ಲೀ ಇದನ್ನು ಗಮನಿಸಿ, ಒಂದು ವಾರ್ಡಿಗೆ ಪ್ರಾಣಿಗಳನ್ನು ಕೊಡಿಸಿದರು. ಪ್ರಾಣಿಗಳಿಲ್ಲದ ಇನ್ನೊಂದು ವಾರ್ಡಿನ ಜೊತೆ ಹೋಲಿಸಿ ನೋಡಿದಾಗ, ಪ್ರಾಣಿ ಇದ್ದ ಕಡೆ ಔಷಧಿ ಅರ್ಧದಷ್ಟು ಸಾಕಾಗಿತ್ತು. ಹೊಡೆದಾಟ ಕಡಿಮೆಯಾಗಿತ್ತು. ಆತ್ಮಹತ್ಯೆಯ ಪ್ರಯತ್ನ ಒಂದೂ ಆಗಿರಲಿಲ್ಲ. ಇನ್ನೊಂದು ವಾರ್ಡಿನಲ್ಲಿ ಎಂಟು ಆಗಿದ್ದವು.

ನಾಯಿ ಎಲ್ಲಿರುತ್ತದೆ? ದಿನ ಹೇಗೆ ಸಾಗುತ್ತದೆ?

ಹೆಚ್ಚಿನ ಕಡೆ ಕೈದಿಯ ಸೆಲ್‌ನಲ್ಲೇ. ಮಂಚದ ಪಕ್ಕ ಒಂದು ಗೂಡು, ನೀರಿನ ಬಟ್ಟಲು, ಒಂದೆರಡು ಆಟಿಕೆ. ಮರಿ ರಾತ್ರಿ ಎರಡು ಗಂಟೆಗೆ ಕುಂಯ್‌ಗುಟ್ಟಿದರೆ ಎದ್ದು ಹೊರಗೆ ಕರೆದೊಯ್ಯಬೇಕು. ಅದಕ್ಕೆ ಕಾವಲುಗಾರರು ಬಾಗಿಲು ತೆಗೆಯಬೇಕು. ಅಂದರೆ ಕಾರ್ಯಕ್ರಮ ನಡೆಯಬೇಕಾದರೆ ಸಿಬ್ಬಂದಿಗೂ ಮನಸ್ಸಿರಬೇಕು. ಜೈಲಿನ ಅಧಿಕಾರಿ ಒಪ್ಪಿ, ಕೆಳಗಿನ ಸಿಬ್ಬಂದಿ ಒಪ್ಪದಿದ್ದರೆ ಇದು ನಡೆಯುವುದಿಲ್ಲ.

ಬೆಳಗ್ಗೆ ಎದ್ದ ತಕ್ಷಣ ನಾಯಿಯ ಕೆಲಸ. ಹೊರಗೆ ಕರೆದೊಯ್ಯುವುದು, ಊಟ ಅಳೆದು ಹಾಕುವುದು, ಮೈ ಬಾಚುವುದು, ಕಿವಿ, ಉಗುರು, ಹಲ್ಲು ನೋಡುವುದು. ಆಮೇಲೆ ಪಾಠ. ಮರಿಗೆ ಒಮ್ಮೆಗೆ ಐದು ನಿಮಿಷ ಕಲಿಸಿದರೆ ಜಾಸ್ತಿ. ದಿನಕ್ಕೆ ಅಂಥ ಹಲವು ಪಾಠಗಳು. ಸಂಜೆ ಡೈರಿ ಬರೆಯಬೇಕು: ಇವತ್ತು ಏನು ತಿಂದಿತು, ಯಾವುದಕ್ಕೆ ಹೆದರಿತು, ಯಾವ ಮಾತು ಕಲಿಯಿತು. ವಾರಕ್ಕೊಮ್ಮೆ ಹೊರಗಿನಿಂದ ತರಬೇತುದಾರರು ಬಂದು ತರಗತಿ ನಡೆಸುತ್ತಾರೆ. ಓದು ಇರುತ್ತದೆ, ಪರೀಕ್ಷೆಯೂ ಇರುತ್ತದೆ. ಶಾಲೆಯನ್ನು ಅರ್ಧಕ್ಕೇ ಬಿಟ್ಟು ಬಂದವರೂ ಇಲ್ಲಿ ನಾಯಿಯ ಜೀರ್ಣಕ್ರಿಯೆ, ರೋಗ, ನಡವಳಿಕೆ ಓದಿ ಪಾಸಾಗುತ್ತಾರೆ.

ಒಂದು ನಾಯಿಗೆ ಸಾಮಾನ್ಯವಾಗಿ ಇಬ್ಬರು. ಒಬ್ಬರು ಮುಖ್ಯ ಹ್ಯಾಂಡ್ಲರ್, ಇನ್ನೊಬ್ಬರು ಜೊತೆಗಾರರು. ಒಬ್ಬರಿಗೆ ಕೋರ್ಟ್ ಇದ್ದರೆ, ಆಸ್ಪತ್ರೆಗೆ ಹೋಗಬೇಕಾದರೆ ಇನ್ನೊಬ್ಬರು ನೋಡಿಕೊಳ್ಳುತ್ತಾರೆ. ಇಬ್ಬರೂ ಒಂದೇ ರೀತಿ ಕಲಿಸದಿದ್ದರೆ ನಾಯಿಗೆ ಗೊಂದಲವಾಗುತ್ತದೆ. ಹಾಗಾಗಿ ಜಗಳವಾಡಿಕೊಂಡರೂ ಕೂತು ಮಾತಾಡಲೇಬೇಕು.

ವಾರಾಂತ್ಯಗಳಲ್ಲಿ ಸ್ವಯಂಸೇವಕರು ಮರಿಗಳನ್ನು ಹೊರಗೆ ಕರೆದೊಯ್ಯುತ್ತಾರೆ. ಜೈಲಿನಲ್ಲಿ ಬೆಳೆದ ಮರಿಗೆ ಮಕ್ಕಳ ಗಲಾಟೆ, ಬಸ್ಸಿನ ಹಾರ್ನ್, ಲಿಫ್ಟ್, ಕಾಲಿಂಗ್ ಬೆಲ್ ಯಾವುದೂ ಗೊತ್ತಿರುವುದಿಲ್ಲ ನೋಡಿ. ಅದನ್ನೆಲ್ಲ ಹೊರಗೇ ಕಲಿಯಬೇಕು.

ನಾಯಿಗಳು ಏನೇನು ಕಲಿಯುತ್ತವೆ?

ಮೊದಲು ಕೂರು, ಮಲಗು, ಇರು, ಬಾ, ಬಿಡು. ಇದು ಎಲ್ಲಕ್ಕೂ ಅಡಿಪಾಯ. ನಂತರ ಕೆಳಗೆ ಬಿದ್ದ ಕೀಲಿಕೈ ಎತ್ತಿಕೊಡುವುದು, ಲೈಟಿನ ಸ್ವಿಚ್ ಒತ್ತುವುದು, ಫ್ರಿಜ್ ಬಾಗಿಲು ಎಳೆಯುವುದು, ಕೆಟ್ಟ ಕನಸು ಕಂಡು ನರಳುವವರನ್ನು ಎಬ್ಬಿಸುವುದು.

ನ್ಯೂಯಾರ್ಕ್‌ನ ‘ಪಪ್ಪೀಸ್ ಬಿಹೈಂಡ್ ಬಾರ್ಸ್’ ಸಂಸ್ಥೆಯನ್ನು ಗ್ಲೋರಿಯಾ ಗಿಲ್ಬರ್ಟ್ ಸ್ಟೋಗಾ 1997ರಲ್ಲಿ ಕಟ್ಟಿದರು. ಬೆಡ್‌ಫರ್ಡ್ ಹಿಲ್ಸ್ ಮಹಿಳಾ ಜೈಲಿನಲ್ಲಿ ಐದು ಮರಿಗಳಿಂದ ಆರಂಭ. ಮೊದಮೊದಲು ಕಣ್ಣು ಕಾಣದವರಿಗಾಗಿ ಮರಿ ಬೆಳೆಸುತ್ತಿದ್ದರು. 2001ರ ಸೆಪ್ಟೆಂಬರ್ ದಾಳಿಯ ನಂತರ ಸ್ಫೋಟಕ ಪತ್ತೆ ಮಾಡುವ ನಾಯಿಗಳನ್ನೂ, 2006ರಿಂದ ಇರಾಕ್, ಅಫ್ಘಾನಿಸ್ತಾನದಿಂದ ಗಾಯಗೊಂಡು ಮರಳಿದ ಸೈನಿಕರಿಗಾಗಿ ನೆರವಿನ ನಾಯಿಗಳನ್ನೂ ತಯಾರು ಮಾಡತೊಡಗಿದರು.

ಸೈನಿಕರಿಗಾಗಿ ಕಲಿಸುವ ಎರಡು ಪಾಠ ನನಗೆ ಬಹಳ ಇಷ್ಟ. ಒಂದರಲ್ಲಿ ನಾಯಿ ಗೋಡೆಯ ತಿರುವಿನಲ್ಲಿ ಮುಂದೆ ಹೋಗಿ ಆಚೆ ಯಾರಿದ್ದಾರೆ ಎಂದು ನೋಡುತ್ತದೆ. ಇನ್ನೊಂದರಲ್ಲಿ ಯಜಮಾನ ಅಂಗಡಿ ಸಾಲಿನಲ್ಲಿ ನಿಂತಾಗ ಅವನ ಬೆನ್ನ ಹಿಂದೆ, ಹಿಂದಕ್ಕೆ ಮುಖ ಮಾಡಿ ಕೂತು ಕಾಯುತ್ತದೆ. ಯುದ್ಧ ನೋಡಿ ಬಂದವರಿಗೆ ಬೆನ್ನ ಹಿಂದೆ ಯಾರಾದರೂ ಬಂದರೆ ಎದೆ ಝಲ್ ಅನ್ನುತ್ತದೆ. ಜೈಲಿನಲ್ಲಿ ಇರುವವರಿಗೆ ಈ ಹೆದರಿಕೆ ಚೆನ್ನಾಗಿ ಗೊತ್ತು.

ಹೊಡೆದು ಬಡಿದು ಕಲಿಸುತ್ತಾರಾ?

ಇಲ್ಲ. ಸರಿ ಮಾಡಿದಾಗ ತಿಂಡಿ, ಮೆಚ್ಚುಗೆ. ತಪ್ಪು ಮಾಡಿದಾಗ ಏನೂ ಸಿಗುವುದಿಲ್ಲ, ಅಷ್ಟೇ. ಇಂಥ ಕಾರ್ಯಕ್ರಮಗಳಲ್ಲಿ ಬಹುಪಾಲು ಈ ವಿಧಾನವನ್ನೇ ಬಳಸುತ್ತವೆ. ಕೈ ಎತ್ತಿದವರನ್ನು ಕಾರ್ಯಕ್ರಮದಿಂದಲೇ ತೆಗೆಯುತ್ತಾರೆ.

ಯಾವ ಕೈದಿ ಬೇಕಾದರೂ ಸೇರಬಹುದಾ? ಕೊಲೆ ಮಾಡಿದವರೂ?

ಯಾರು ಬೇಕಾದರೂ ಸೇರಲು ಆಗುವುದಿಲ್ಲ. ಅರ್ಜಿ ಬರೆಯಬೇಕು, ಸಂದರ್ಶನ ಇರುತ್ತದೆ. ಕೆಲವು ತಿಂಗಳಿಂದ ಜೈಲಿನ ನಿಯಮ ಮುರಿದಿರಬಾರದು. ಪ್ರಾಣಿಗಳಿಗೆ ಹಿಂಸೆ ಕೊಟ್ಟವರನ್ನು, ಮಕ್ಕಳ ಮೇಲೆ ದೌರ್ಜನ್ಯ ಎಸಗಿದವರನ್ನು ಸಾಮಾನ್ಯವಾಗಿ ಸೇರಿಸುವುದಿಲ್ಲ. ಶಿಕ್ಷೆ ಇನ್ನೂ ಸಾಕಷ್ಟು ಉಳಿದಿರಬೇಕು, ಯಾಕೆಂದರೆ ಮರಿ ಅರ್ಧ ಕಲಿತಾಗ ಗುರು ಬಿಡುಗಡೆಯಾಗಿ ಹೋದರೆ ಕಷ್ಟ.

ಕೊಲೆಗೆ ಜೀವಾವಧಿ ಶಿಕ್ಷೆ ಆದವರೂ ಇದ್ದಾರೆ. ನಿಜ ಹೇಳಬೇಕೆಂದರೆ ಅವರೇ ಒಳ್ಳೆಯ ತರಬೇತುದಾರರಾಗುವುದು ಹೆಚ್ಚು. ಅವರಿಗೆ ಸಮಯ ಇದೆ, ಹೊಸಬರಿಗೆ ಹೇಳಿಕೊಡುತ್ತಾರೆ. ಕ್ಯಾಲಿಫೋರ್ನಿಯಾದ ಲ್ಯಾಂಕಾಸ್ಟರ್ ಜೈಲಿನಲ್ಲಿ 2014ರಲ್ಲಿ ಆರಂಭವಾದ ‘ಪಾಸ್ ಫಾರ್ ಲೈಫ್’ ಕಾರ್ಯಕ್ರಮದಲ್ಲಿ ಜೀವಾವಧಿ ಕೈದಿಗಳೇ ಆಶ್ರಯ ಕೇಂದ್ರದ ನಾಯಿಗಳನ್ನು ತಿದ್ದಿದರು. ಹೊರಗೆ ಬರುವ ಆಸೆಯನ್ನೇ ಬಿಟ್ಟಿದ್ದ ಕೆಲವರ ಶಿಕ್ಷೆ ಮುಂದೆ ಕಡಿಮೆಯಾಗಿ, ಅವರು ಬಿಡುಗಡೆಯಾದರು.

ತಪ್ಪು ಮಾಡಿದವರಿಗೆ ಈ ಭಾಗ್ಯ ಯಾಕೆ? ಅವರಿಂದ ನೊಂದವರ ಗತಿ?

ಈ ಪ್ರಶ್ನೆ ಕೇಳುವವರನ್ನು ನಾನು ಕಲ್ಲುಮನಸ್ಸಿನವರು ಅನ್ನುವುದಿಲ್ಲ. ಮಗನನ್ನು ಕಳೆದುಕೊಂಡ ತಾಯಿಗೆ, ಅವನನ್ನು ಕೊಂದವನು ಮರಿಯನ್ನು ಮಡಿಲಲ್ಲಿ ಇಟ್ಟುಕೊಂಡಿರುವ ಫೋಟೋ ಪೇಪರಿನಲ್ಲಿ ಕಂಡರೆ ಏನಾಗಬೇಡ? ಅದಕ್ಕೇ ಇಂಥ ಫೋಟೋಗಳನ್ನು ಹಂಚುವಾಗ ಎಚ್ಚರ ಬೇಕು. ಕೈದಿಯನ್ನು ಹೀರೋ ಮಾಡುವ ಪ್ರಚಾರ ನನಗೂ ಹಿಡಿಸುವುದಿಲ್ಲ.

ಆದರೂ ಎರಡು ಮಾತು. ಮೊದಲನೆಯದು, ಜೈಲಿಗೆ ಹೋದವರಲ್ಲಿ ಹೆಚ್ಚಿನವರು ಒಂದು ದಿನ ಹೊರಗೆ ಬರುತ್ತಾರೆ. ಅಮೆರಿಕದ 30 ರಾಜ್ಯಗಳಲ್ಲಿ 2005ರಲ್ಲಿ ಬಿಡುಗಡೆಯಾದವರನ್ನು ಅಲ್ಲಿನ ನ್ಯಾಯ ಇಲಾಖೆ ಒಂಬತ್ತು ವರ್ಷ ಗಮನಿಸಿತು. ಮೂರು ವರ್ಷದಲ್ಲಿ ಶೇ 68 ಮಂದಿ, ಒಂಬತ್ತು ವರ್ಷದಲ್ಲಿ ಶೇ 83 ಮಂದಿ ಮತ್ತೆ ಬಂಧನಕ್ಕೆ ಒಳಗಾದರು. ಸುಮ್ನೆ ಕೂಡಿಹಾಕಿದರೆ ಸಾಲದು ಅನ್ನುವುದಕ್ಕೆ ಇದಕ್ಕಿಂತ ಬೇರೆ ಲೆಕ್ಕ ಬೇಕಿಲ್ಲ. ಅವರು ಮತ್ತೆ ಅಪರಾಧ ಮಾಡಿದರೆ ನೋಯುವುದು ಇನ್ನೊಂದು ಮನೆ.

ಎರಡನೆಯದು, ಇದು ಸುಖ ಅಲ್ಲ. ವಾರದ ಏಳೂ ದಿನ, ರಾತ್ರಿಯೂ ಸೇರಿ ದುಡಿಮೆ. ಬೇರೆ ಕೈದಿಗಳು ಟಿವಿ ಮುಂದೆ ಕೂತಾಗ ಇವರು ಮಲ ಎತ್ತುತ್ತಿರುತ್ತಾರೆ. ಕೊನೆಗೆ ಸಿಗುವ ಫಲ ಇವರಿಗಲ್ಲ, ಹೊರಗೆ ಗಾಲಿಕುರ್ಚಿಯಲ್ಲಿ ಕೂತ ಯಾರಿಗೋ.

ಒಂದು ನಾಯಿಯಿಂದ ಮನುಷ್ಯ ಹೇಗೆ ಬದಲಾಗುತ್ತಾನೆ?

ಪ್ರೀತಿಯಿಂದ ಅಂತ ಎಲ್ಲರೂ ಹೇಳುತ್ತಾರೆ. ಅದು ಸುಳ್ಳಲ್ಲ. ವರ್ಷಗಟ್ಟಲೆ ಯಾರೂ ಮುಟ್ಟದ ಮೈಯನ್ನು ಮರಿಯೊಂದು ಬಂದು ನೆಕ್ಕುತ್ತದೆ. ಜೈಲಿನಲ್ಲಿ ಸ್ಪರ್ಶ ಅಂದರೆ ತಪಾಸಣೆ ಇಲ್ಲವೇ ಹೊಡೆದಾಟ. ನಾಯಿ ಮತ್ತು ಅದರ ಒಡೆಯ ಒಬ್ಬರನ್ನೊಬ್ಬರು ದಿಟ್ಟಿಸಿ ನೋಡಿದಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಎಂಬ ಹಾರ್ಮೋನ್ ಏರುತ್ತದೆ ಎಂದು ಜಪಾನಿನ ಸಂಶೋಧಕರು 2015ರಲ್ಲಿ ತೋರಿಸಿದ್ದಾರೆ. ತಾಯಿ ಮತ್ತು ಕೂಸಿನ ನಡುವೆ ಕೆಲಸ ಮಾಡುವುದೂ ಇದೇ.

ಆದರೆ ಪ್ರೀತಿ ಒಂದೇ ಆಗಿದ್ದರೆ ನಾಯಿಯನ್ನು ತಂದು ಬಿಟ್ಟರೆ ಸಾಕಿತ್ತು, ತರಬೇತಿ ಬೇಕಿರಲಿಲ್ಲ. ನನ್ನ ಪ್ರಕಾರ ನಿಜವಾದ ಕೆಲಸ ನಡೆಯುವುದು ಕಲಿಸುವಾಗ. ಕೈದಿ ಸಿಟ್ಟಿನಲ್ಲಿ ಕೂಗಿದರೆ ಮರಿ ಬಾಲ ಮುದುಡಿಕೊಂಡು ಮೂಲೆ ಸೇರುತ್ತದೆ. ಪಾಠ ಅಲ್ಲಿಗೆ ಕೆಟ್ಟಿತು. ಅದನ್ನು ಸರಿ ಮಾಡಲು ಅವನು ತನ್ನ ದನಿ, ಕೈ, ಉಸಿರು ಎಲ್ಲ ಇಳಿಸಬೇಕು. ಯಾವ ಕೌನ್ಸೆಲರ್ ಹೇಳಿದರೂ ಒಪ್ಪದಿದ್ದವನಿಗೆ ತನ್ನ ಸಿಟ್ಟು ಎದುರಿನ ಜೀವಕ್ಕೆ ಏನು ಮಾಡುತ್ತದೆ ಎಂದು ಕಣ್ಣೆದುರೇ ಕಾಣುತ್ತದೆ. ನಾಯಿಯನ್ನು ಹೆದರಿಸಿ ಕೆಲಸ ಮಾಡಿಸಬಹುದು, ಆದರೆ ಕುರುಡರನ್ನು ರಸ್ತೆ ದಾಟಿಸುವ ನಾಯಿ ಹೆದರುಪುಕ್ಕಲಾಗಿದ್ದರೆ ಆಗುವುದಿಲ್ಲ. ಹಾಗಾಗಿ ಅಡ್ಡದಾರಿ ಇಲ್ಲ.

ಮತ್ತೊಂದು, ಜೈಲಿನಲ್ಲಿ ಕೈದಿ ಯಾವುದನ್ನೂ ತಾನೇ ನಿರ್ಧರಿಸುವುದಿಲ್ಲ. ಏಳುವುದು, ಉಣ್ಣುವುದು, ಮಲಗುವುದು ಎಲ್ಲ ಗಂಟೆ ಹೊಡೆದಂತೆ. ವರ್ಷಗಳು ಹೀಗೆ ಕಳೆದವರು ಹೊರಗೆ ಬಂದಾಗ ಸಣ್ಣ ನಿರ್ಧಾರಕ್ಕೂ ತಡಬಡಾಯಿಸುತ್ತಾರೆ. ಮರಿ ಕೈಗೆ ಬಂದ ದಿನದಿಂದ ಅವನು ಪ್ರತಿ ಗಂಟೆ ನಿರ್ಧರಿಸಬೇಕು. ಇದಕ್ಕೆ ಹಸಿವಾಗಿದೆಯಾ, ಹುಷಾರಿಲ್ಲವಾ, ಇವತ್ತು ಹೊಸ ಪಾಠ ಬೇಡವಾ? ಅವನ ನಿರ್ಧಾರಕ್ಕೆ ಬೆಲೆ ಇದೆ. ಒಂದು ಜೀವ ಅದರ ಮೇಲೆ ನಿಂತಿದೆ.

ಇಡೀ ಬ್ಯಾರಕ್‌ನ ಗಾಳಿಯೂ ಬದಲಾಗುತ್ತದೆ ಎಂದು ಇಂಥ ಜೈಲುಗಳ ಸಿಬ್ಬಂದಿ ಹೇಳುತ್ತಾರೆ. ಕಾರ್ಯಕ್ರಮದಲ್ಲಿ ಇಲ್ಲದವರೂ ನಾಯಿ ಮಲಗಿದೆ ಎಂದು ದನಿ ತಗ್ಗಿಸುತ್ತಾರೆ. ಕೈದಿಗೂ ಕಾವಲುಗಾರನಿಗೂ ನಡುವೆ ಮಾತಾಡಲು ಒಂದು ವಿಷಯ ಹುಟ್ಟುತ್ತದೆ.

ಬೆಳೆಸಿದ ಮರಿಯನ್ನು ಬಿಟ್ಟುಕೊಡುವುದು ಕ್ರೂರ ಅಲ್ವಾ?

ಕಷ್ಟ ಖಂಡಿತ. ಗಟ್ಟಿ ಆಳುಗಳೂ ಅಳುತ್ತಾರೆ. ಆದರೆ ಕಾರ್ಯಕ್ರಮದ ಜೀವಾಳವೇ ಇದು ಎಂದು ನಾನು ನಂಬುತ್ತೇನೆ. ಇನ್ನೊಬ್ಬರದ್ದನ್ನು ಕಿತ್ತುಕೊಂಡು ಒಳಗೆ ಬಂದವನು ಮೊದಲ ಸಲ ತನಗೆ ತೀರಾ ಬೇಕಾದದ್ದನ್ನು ಇನ್ನೊಬ್ಬರಿಗೆ ಕೊಡುತ್ತಾನೆ. ಕೆಲವು ಕಡೆ ನಾಯಿ ಪಡೆಯುವವರು ಜೈಲಿಗೇ ಬರುತ್ತಾರೆ, ಕೈದಿಯೇ ಅವರಿಗೆ ನಾಯಿಯ ಸ್ವಭಾವ ವಿವರಿಸುತ್ತಾನೆ. ಆ ದಿನ ಅವನು ಗುರು, ಎದುರಿಗಿರುವವರು ಶಿಷ್ಯರು. ಹೊರಗಿನವರೊಬ್ಬರು ಅವನ ಕೈ ಹಿಡಿದು ಥ್ಯಾಂಕ್ಸ್ ಹೇಳುತ್ತಾರೆ. ಕೆಲವರಿಗೆ ಇದು ಜೀವನದಲ್ಲೇ ಮೊದಲು.

ಹಾಗಂತ ಅಗಲಿದವರನ್ನು ಹಾಗೇ ಸೆಲ್‌ಗೆ ಕಳಿಸಿಬಿಡಬಾರದು. ಒಳ್ಳೆಯ ಕಾರ್ಯಕ್ರಮಗಳು ಮೊದಲೇ ಮನಸ್ಸನ್ನು ಸಿದ್ಧಮಾಡುತ್ತವೆ, ಮುಂದಿನ ಮರಿ ಬೇಗ ಬರುವಂತೆ ನೋಡಿಕೊಳ್ಳುತ್ತವೆ.

ಇದರಿಂದ ಅಪರಾಧ ಕಡಿಮೆಯಾಗುತ್ತದೆ ಅನ್ನಲು ಪುರಾವೆ ಇದೆಯಾ?

ಇದೆ, ಆದರೆ ಪ್ರಚಾರದಲ್ಲಿ ಹೇಳುವಷ್ಟು ಗಟ್ಟಿ ಅಲ್ಲ.

ಆರೆಗಾನ್ ರಾಜ್ಯದ ವುಡ್‌ಬರ್ನ್‌ನಲ್ಲಿ ಬಾಲಾಪರಾಧಿಗಳ ಜೈಲಿದೆ. ಅಲ್ಲಿ ಜೋನ್ ಡಾಲ್ಟನ್ 1993ರಲ್ಲಿ ಆರಂಭಿಸಿದ ‘ಪ್ರಾಜೆಕ್ಟ್ ಪೂಚ್’ ಬಗ್ಗೆ ಒಂದು ಅಧ್ಯಯನ ನಡೆಯಿತು. ಅದರಲ್ಲಿ ಭಾಗವಹಿಸಿದ ಹುಡುಗರು ಮತ್ತೆ ಅಪರಾಧಕ್ಕೆ ಸಿಕ್ಕಿರಲಿಲ್ಲ. ಕೇಳಲು ಅದ್ಭುತ. ಆದರೆ ಸೇರಿಸಿಕೊಂಡಿದ್ದೇ ನಡತೆ ನೋಡಿ. ಅವರು ನಾಯಿ ಇಲ್ಲದಿದ್ದರೂ ಸುಧಾರಿಸುತ್ತಿದ್ದರಾ? ಈ ತೊಡಕು ಈ ಕ್ಷೇತ್ರದ ಬಹಳಷ್ಟು ಅಧ್ಯಯನಗಳಲ್ಲಿದೆ. ಭಾಗವಹಿಸುವವರ ಸಂಖ್ಯೆಯೂ ಸಣ್ಣದು.

2016ರಲ್ಲಿ ಬಾರ್ಬರಾ ಕುಕ್ ಮತ್ತು ಹೆಸರಾಂತ ಅಪರಾಧಶಾಸ್ತ್ರಜ್ಞ ಡೇವಿಡ್ ಫ್ಯಾರಿಂಗ್ಟನ್ ಅದುವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿದರು. ಕೈದಿಗಳ ಮನಸ್ಥಿತಿ ಮತ್ತು ನಡವಳಿಕೆ ಎರಡರಲ್ಲೂ ಸುಧಾರಣೆ ಕಂಡಿತು, ಇನ್ನೂ ಕಟ್ಟುನಿಟ್ಟಾದ ಸಂಶೋಧನೆ ಬೇಕು ಎಂದರು. ಇದು ನ್ಯಾಯವಾದ ಮಾತು. ಜೈಲಿನೊಳಗೆ ಜಗಳ ತಗ್ಗುತ್ತದೆ, ಮನಸ್ಸು ಹಗುರವಾಗುತ್ತದೆ ಎಂದು ಸ್ವಲ್ಪ ಭರವಸೆಯಿಂದ ಹೇಳಬಹುದು. ಬಿಡುಗಡೆಯಾದ ಮೇಲೆ ಅಪರಾಧವನ್ನೇ ಬಿಡುತ್ತಾರೆ ಎಂದು ಅಷ್ಟು ಭರವಸೆಯಿಂದ ಹೇಳಲಾಗದು. ಹೊರಗೆ ಕೆಲಸ, ಮನೆ, ಕುಟುಂಬ ಇಲ್ಲದಿದ್ದರೆ ನಾಯಿ ಕಲಿಸಿದ ತಾಳ್ಮೆ ಎಷ್ಟು ದಿನ ಬಂದೀತು?

ನಾಯಿಗಳ ಹಿತ ಯಾರು ನೋಡುತ್ತಾರೆ?

ಪ್ರಾಣಿದಯೆಯವರು ಕೇಳುವ ಈ ಪ್ರಶ್ನೆ ಸರಿಯಾದದ್ದೇ. ಕೋಣೆ ಚಿಕ್ಕದು, ಗದ್ದಲ ಜಾಸ್ತಿ. ಆದರೆ ಹಗಲೆಲ್ಲ ಒಂಟಿಯಾಗಿರುವ ಅಪಾರ್ಟ್‌ಮೆಂಟ್ ನಾಯಿಗಿಂತ ಇವಕ್ಕೆ ಮನುಷ್ಯರ ಸಂಗ ಹೆಚ್ಚು. ಆಶ್ರಯ ಕೇಂದ್ರದಲ್ಲಿ ಯಾರೂ ಒಯ್ಯದ ನಾಯಿಗೆ ಅಮೆರಿಕದಲ್ಲಿ ಹಲವು ಕಡೆ ಚುಚ್ಚುಮದ್ದಿನ ಸಾವೇ ಗತಿ. ಮಿಸ್ಸೋರಿ ರಾಜ್ಯದಲ್ಲಿ 2010ರಲ್ಲಿ ಶುರುವಾದ ‘ಪಪ್ಪೀಸ್ ಫಾರ್ ಪೆರೋಲ್’ ಮೂಲಕ ಅಂಥ ಸಾವಿರಾರು ನಾಯಿಗಳು ಮನೆ ಸೇರಿವೆ. ಪಶುವೈದ್ಯರ ತಪಾಸಣೆ ಮತ್ತು ನಾಯಿಯನ್ನು ಯಾವಾಗ ಬೇಕಾದರೂ ವಾಪಸ್ ಪಡೆಯುವ ಹಕ್ಕು ಇಲ್ಲದ ಕಾರ್ಯಕ್ರಮವನ್ನು ನಾನಂತೂ ಒಪ್ಪುವುದಿಲ್ಲ.

ಭದ್ರತೆಗೆ ತೊಂದರೆ ಇಲ್ಲವಾ?

ಒಂದು ಸಲ ದೊಡ್ಡದಾಗಿಯೇ ಆಗಿದೆ. 2006ರ ಫೆಬ್ರುವರಿಯಲ್ಲಿ ಕ್ಯಾನ್ಸಸ್‌ನ ಲ್ಯಾನ್ಸಿಂಗ್ ಜೈಲಿನಿಂದ ಒಬ್ಬ ಕೈದಿ ನಾಯಿ ಸಾಗಿಸುವ ಪೆಟ್ಟಿಗೆಯೊಳಗೆ ಅಡಗಿ, ಕಾರ್ಯಕ್ರಮ ನಡೆಸುತ್ತಿದ್ದ ಮಹಿಳೆಯ ವ್ಯಾನಿನಲ್ಲೇ ಹೊರಬಿದ್ದ. ಹನ್ನೆರಡು ದಿನದ ನಂತರ ಇಬ್ಬರೂ ಟೆನೆಸೀ ರಾಜ್ಯದಲ್ಲಿ ಸಿಕ್ಕಿಬಿದ್ದರು. ಆಕೆಗೂ ಜೈಲಾಯಿತು. ಎಲ್ಲರೂ ನಂಬಿದ್ದ ಸ್ವಯಂಸೇವಕಿಯ ವಾಹನವನ್ನು ಸರಿಯಾಗಿ ತಪಾಸಣೆ ಮಾಡಿರಲಿಲ್ಲ. ಹಾಗಂತ ಅಲ್ಲಿ ನಾಯಿಗಳ ಕೆಲಸ ನಿಲ್ಲಲಿಲ್ಲ. ಯಾವ ಕಾರ್ಯಕ್ರಮವನ್ನೂ ಒಬ್ಬರ ಮೇಲಿನ ನಂಬಿಕೆಯ ಮೇಲೆ ನಿಲ್ಲಿಸಬಾರದು. ಹೊರಗಿನಿಂದ ಬರುವ ಪ್ರತಿಯೊಬ್ಬರಿಗೂ ಒಂದೇ ತಪಾಸಣೆ ಇರಬೇಕು.

ಖರ್ಚು ಯಾರು ಕೊಡುತ್ತಾರೆ?

ಬಹುತೇಕ ಕಡೆ ಜೈಲಿಗೆ ಬೀಳುವ ಹೊರೆ ಕಡಿಮೆ. ಆಹಾರ, ವೈದ್ಯ, ತರಬೇತುದಾರರ ಖರ್ಚನ್ನು ಸಂಸ್ಥೆಗಳು ದೇಣಿಗೆಯಿಂದ ಭರಿಸುತ್ತವೆ. ಗಿಗ್ ಹಾರ್ಬರ್‌ನಲ್ಲಿ ಊರಿನವರ ನಾಯಿಗಳನ್ನು ನೋಡಿಕೊಳ್ಳುವ, ಸ್ನಾನ ಮಾಡಿಸಿ ಕೂದಲು ಕತ್ತರಿಸುವ ಕೇಂದ್ರವನ್ನೂ ಕೈದಿಗಳೇ ನಡೆಸುತ್ತಾರೆ. ಅದರಿಂದ ಹಣವೂ ಬರುತ್ತದೆ, ಹೊರಗೆ ಹೋದ ಮೇಲೆ ಬದುಕಲು ಒಂದು ಕಸುಬೂ ಕೈಗೆ ಹತ್ತುತ್ತದೆ.

ಏಷ್ಯಾದಲ್ಲಿ ಎಲ್ಲಾದರೂ ಇದೆಯಾ?

ಜಪಾನಿನ ಶಿಮಾನೆ ಪ್ರಾಂತ್ಯದಲ್ಲಿ ಇದೆ, ನನಗೆ ತುಂಬಾ ಇಷ್ಟವಾದ ಮಾದರಿ. ಹಮಾದಾ ನಗರದ ‘ಶಿಮಾನೆ ಅಸಾಹಿ’ ಜೈಲು 2008ರಲ್ಲಿ ತೆರೆಯಿತು. ಸರ್ಕಾರ ಮತ್ತು ಖಾಸಗಿ ಕಂಪನಿಗಳು ಸೇರಿ ನಡೆಸುವ ಜೈಲು. ಸುಮಾರು 2,000 ಗಂಡಸರು ಇರಬಹುದಾದಷ್ಟು ದೊಡ್ಡದು. ಜಪಾನಿನ ಮಾರ್ಗದರ್ಶಿ ನಾಯಿಗಳ ಸಂಘದ ಜೊತೆ ಸೇರಿ ಇಲ್ಲಿ ಮರಿ ಬೆಳೆಸುತ್ತಾರೆ. ಒಂದು ಮರಿಗೆ ಕೈದಿಗಳ ಒಂದು ಗುಂಪು.

ವಾರದ ದಿನಗಳಲ್ಲಿ ಮರಿ ಜೈಲಿನಲ್ಲಿ, ವಾರಾಂತ್ಯದಲ್ಲಿ ಊರಿನ ಒಂದು ಕುಟುಂಬದ ಮನೆಯಲ್ಲಿ. ಮರಿಯ ದಿನಚರಿಯನ್ನು ಒಂದು ಪುಸ್ತಕದಲ್ಲಿ ಬರೆದು ಎರಡೂ ಕಡೆಯವರು ಅದಲು ಬದಲು ಮಾಡಿಕೊಳ್ಳುತ್ತಾರೆ. ಜೈಲು ಅಂದರೆ ಊರಾಚೆಯ ಕಟ್ಟಡ ಎಂದುಕೊಂಡಿದ್ದ ಜನ ಹೀಗೆ ಅದರ ಕೆಲಸದಲ್ಲಿ ಪಾಲುದಾರರಾದರು. ನಮ್ಮಲ್ಲಿ ಏನಾದರೂ ಮಾಡುವುದಾದರೆ ಅಮೆರಿಕಕ್ಕಿಂತ ಇದನ್ನು ನೋಡಿ ಕಲಿಯುವುದು ಮೇಲು.

ನಾಯಿಗಳೇ ಆಗಬೇಕಾ?

ಬೇಕಿಲ್ಲ. ನ್ಯೂಯಾರ್ಕ್‌ನ ವಾಲ್ಕಿಲ್ ಜೈಲಿನಲ್ಲಿ 1984ರಿಂದ ರೇಸ್‌ನಿಂದ ನಿವೃತ್ತವಾದ ಕುದುರೆಗಳನ್ನು ಕೈದಿಗಳು ನೋಡಿಕೊಳ್ಳುತ್ತಿದ್ದಾರೆ. ಹಸು, ಕುರಿ ಸಾಕುವ ಜೈಲುಗಳು ನಮ್ಮ ದೇಶದಲ್ಲೂ ಇವೆ.

ಕರ್ನಾಟಕದಲ್ಲಿ ಇದು ಆಗುತ್ತದಾ?

ಹಾಗೇ ಎತ್ತಿ ತಂದರೆ ಆಗುವುದಿಲ್ಲ. ಮೊದಲ ಅಡ್ಡಿ ಜಾಗ. 2022ರ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಅಂಕಿಅಂಶದ ಪ್ರಕಾರ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ನೂರು ಜನರ ಜಾಗದಲ್ಲಿ 131 ಜನ. ಮನುಷ್ಯರಿಗೇ ಕಾಲು ಚಾಚಲು ಜಾಗ ಇಲ್ಲದ ಬ್ಯಾರಕ್‌ನಲ್ಲಿ ಮರಿಗೆ ಗೂಡು ಎಲ್ಲಿಡುವುದು?

ಎರಡನೆಯ ಅಡ್ಡಿ ಇನ್ನೂ ದೊಡ್ಡದು. ಒಳಗಿರುವ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ಅವರ ಅಪರಾಧ ಇನ್ನೂ ಸಾಬೀತಾಗಿಲ್ಲ. ನಾಳೆ ಜಾಮೀನು ಸಿಗಬಹುದು, ಮೂರು ವರ್ಷ ಸಿಗದೆಯೂ ಇರಬಹುದು. ಅವರಿಗೆ ಬೇಕಾದದ್ದು ಬೇಗ ನಡೆಯುವ ವಿಚಾರಣೆ, ವಕೀಲರು. ಅದನ್ನು ಕೊಡದೆ ನಾಯಿಮರಿ ಕೊಡುವುದು ಸರಿಯಲ್ಲ.

ಉಳಿಯುವವರು ಸಜಾ ಬಂದಿಗಳು. ಅದರಲ್ಲೂ ಜೀವಾವಧಿ ಶಿಕ್ಷೆಯವರು. ಮರಣದಂಡನೆ ವಿಧಿಸಬಹುದಾದ ಅಪರಾಧಕ್ಕೆ ಜೀವಾವಧಿ ಆಗಿದ್ದರೆ ಹದಿನಾಲ್ಕು ವರ್ಷವಾದರೂ ಒಳಗಿರಲೇಬೇಕು. ಇವರಿಗೆ ಸಮಯವಿದೆ. ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದ ಬಯಲು ಬಂದೀಖಾನೆಯಂಥ ಕಡೆ ಜಾಗವೂ ಇದೆ, ಹೊಲದ ಕೆಲಸವೂ ಇದೆ. ಸನ್ನಡತೆಯ ಕೆಲವೇ ಬಂದಿಗಳು, ನಾಲ್ಕಾರು ನಾಯಿ, ಒಬ್ಬ ಪಶುವೈದ್ಯ, ಒಬ್ಬ ತರಬೇತುದಾರ. ಇಷ್ಟರಿಂದ ಆರಂಭಿಸಿ ನೋಡಬಹುದು.

ನಮ್ಮ ಜೈಲುಗಳು ಹೊಸದಕ್ಕೆ ಬಾಗಿಲು ಮುಚ್ಚಿಕೊಂಡಿಲ್ಲ ಅನ್ನುವುದಕ್ಕೆ ಸಾಕ್ಷಿ ಇದೆ. ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ ‘ಸಂಕಲ್ಪ’ ತಂಡದ ಮೂಲಕ ವರ್ಷಗಳ ಕಾಲ ರಾಜ್ಯದ ಜೈಲುಗಳಲ್ಲಿ ಬಂದಿಗಳಿಂದ ನಾಟಕ ಆಡಿಸಿದರು. ಜೀವಾವಧಿ ಕೈದಿಗಳು ಜೈಲಿನ ಹೊರಗಿನ ವೇದಿಕೆ ಹತ್ತಿ ಜನರೆದುರು ನಿಂತರು. ನಾಟಕಕ್ಕೆ ಒಪ್ಪಿದ ವ್ಯವಸ್ಥೆ ನಾಯಿಗೂ ಒಪ್ಪಬಹುದು. ಕೂಲಿಯ ವಿಷಯದಲ್ಲೂ ಕರ್ನಾಟಕ ಮುಂದಿದೆ, ದುಡಿಯುವ ಸಜಾ ಬಂದಿಗೆ ದಿನಕ್ಕೆ 500 ರೂಪಾಯಿಗೂ ಹೆಚ್ಚು. ನಾಯಿ ತರಬೇತಿಯನ್ನೂ ಕುಶಲ ಕೆಲಸ ಎಂದು ಪರಿಗಣಿಸಿ ಕೂಲಿ ಕೊಡಬೇಕು. ಅಮೆರಿಕದ ಹಲವು ಕಡೆ ಕೈದಿಗಳಿಗೆ ಸಿಗುವುದು ಚಿಲ್ಲರೆ ಕಾಸು, ಆ ಭಾಗ ನಮಗೆ ಬೇಡ.

ಹಾಗಾದರೆ ಬೀದಿ ನಾಯಿಗಳನ್ನೆಲ್ಲ ಜೈಲಿಗೆ ಬಿಟ್ಟರೆ ಸಮಸ್ಯೆ ಮುಗೀತಲ್ಲ?

ಮುಗಿಯುವುದಿಲ್ಲ. 2023ರ ಸಮೀಕ್ಷೆಯಲ್ಲಿ ಬೆಂಗಳೂರೊಂದರಲ್ಲೇ ಸುಮಾರು 2.79 ಲಕ್ಷ ಬೀದಿ ನಾಯಿಗಳು ಇದ್ದವು. ಜೈಲಿನಲ್ಲಿ ತಿದ್ದಬಹುದಾದದ್ದು ವರ್ಷಕ್ಕೆ ಕೆಲವೇ ಹತ್ತು. ಬೀದಿ ನಾಯಿಗೆ ಮದ್ದು ಸಂತಾನಹರಣ, ರೇಬೀಸ್ ಲಸಿಕೆ ಮತ್ತು ಕಸ ವಿಲೇವಾರಿ. ಇದಕ್ಕೂ ಅದಕ್ಕೂ ಗಂಟು ಹಾಕಬಾರದು. ಆದರೆ ಅಪಘಾತದಲ್ಲಿ ಕಾಲು ಕಳೆದುಕೊಂಡವು, ಮನೆಯವರು ಸಾಕಲಾಗದೆ ಬಿಟ್ಟುಹೋದ ಜಾತಿ ನಾಯಿಗಳು, ತಾಯಿ ಇಲ್ಲದ ಮರಿಗಳು ನಮ್ಮ ಆಶ್ರಯ ಕೇಂದ್ರಗಳಲ್ಲಿ ತುಂಬಿವೆ. ದತ್ತು ಹೋಗುವಂತೆ ಇವನ್ನು ತಯಾರು ಮಾಡಲು ಅಲ್ಲಿ ಕೈಗಳಿಲ್ಲ. ಜೈಲಿನಲ್ಲಿ ಕೈಗಳೂ ಇವೆ, ಹೊತ್ತೂ ಇದೆ.

ನಮ್ಮ ಮುಧೋಳ ನಾಯಿಗಳನ್ನು ಬಳಸಬಹುದಾ?

ಅಭಿಮಾನದ ಪ್ರಶ್ನೆ, ಅರ್ಥವಾಗುತ್ತದೆ. ಆದರೆ ಮುಧೋಳ ಬೇಟೆಯ ತಳಿ. ಓಡಲು ಬಯಲು ಬೇಕು, ಅಪರಿಚಿತರನ್ನು ಬೇಗ ಹತ್ತಿರ ಸೇರಿಸುವುದಿಲ್ಲ. ನೆರವಿನ ಕೆಲಸಕ್ಕೆ ಲ್ಯಾಬ್ರಡಾರ್ ಥರ ಎಲ್ಲರಿಗೂ ಒಲಿಯುವ, ತಿಂಡಿಗೆ ಆಸೆಪಡುವ ತಳಿ ಸುಲಭ. ದತ್ತು ಕೊಡಲು ನಮ್ಮ ಸಾದಾ ಊರ ನಾಯಿಯೇ ಸಾಕು. ಚುರುಕು, ಗಟ್ಟಿ, ನಮ್ಮ ಹವೆಗೆ ಒಗ್ಗಿದ್ದು.

ನನಗೆ ಆಸಕ್ತಿ ಇದೆ. ಎಲ್ಲಿಂದ ಶುರು ಮಾಡಲಿ?

ನಾಯಿಯಿಂದ ಶುರು ಮಾಡಿ, ಜೈಲಿನಿಂದ ಬೇಡ. ಹತ್ತಿರದ ಆಶ್ರಯ ಕೇಂದ್ರದಲ್ಲಿ ಕೆಲವು ತಿಂಗಳು ಕೆಲಸ ಮಾಡಿ, ಹೆದರಿದ ನಾಯಿಯನ್ನು ಮನುಷ್ಯರ ಹತ್ತಿರ ತರುವುದು ಹೇಗೆ ಎಂದು ಕಲಿಯಿರಿ. ಜೊತೆಗೆ ಒಬ್ಬ ಪಶುವೈದ್ಯರನ್ನು, ಜೈಲುಗಳಲ್ಲಿ ಈಗಾಗಲೇ ಪಾಠ, ನಾಟಕ, ಯೋಗ ನಡೆಸುತ್ತಿರುವ ಯಾರನ್ನಾದರೂ ಸೇರಿಸಿಕೊಳ್ಳಿ. ಅವರಿಗೆ ಒಳಗಿನ ನಿಯಮ ಗೊತ್ತಿರುತ್ತದೆ. ಆಮೇಲೆ ಕಾರಾಗೃಹ ಇಲಾಖೆಗೆ ಬರೆದುಕೊಡಿ.

ಆ ಪತ್ರದಲ್ಲಿ ಭಾವುಕತೆ ಬೇಡ. ಎಷ್ಟು ನಾಯಿ, ಎಷ್ಟು ಬಂದಿಗಳು, ಲಸಿಕೆ ಯಾರದು, ಕಚ್ಚಿದರೆ ಹೊಣೆ ಯಾರದು, ನಾಯಿ ಕೊನೆಗೆ ಯಾರ ಮನೆಗೆ ಹೋಗುತ್ತದೆ ಎಂದು ಸ್ಪಷ್ಟವಾಗಿ ಬರೆಯಿರಿ. ಕೊನೆಯ ಪ್ರಶ್ನೆಗೆ ಉತ್ತರ ಸಿದ್ಧವಿಲ್ಲದಿದ್ದರೆ ಪತ್ರ ಕಳಿಸಬೇಡಿ. ದತ್ತು ಪಡೆಯುವ ಮನೆಗಳನ್ನು ಮೊದಲು ಹುಡುಕಿ ಇಟ್ಟುಕೊಳ್ಳಿ.